ಹಳದಿ ತಿರುಗದ ನೀರು

ಗುಬ್ಬಿಗೆ ಹೋಗುವ ಬಸ್ಸು ಬೆಳಗ್ಗೆ ಏಳೂಕಾಲಿಗೆ. ನಾನು ಆರೂವರೆಗೇ ತುಮಕೂರಿನ ಬಸ್ ಸ್ಟ್ಯಾಂಡಿನಲ್ಲಿದ್ದೆ. ಮನೆಯಲ್ಲಿ ಬಿಟ್ಟು ಬರಲು ಯಾರೂ ಇಲ್ಲದವರು ಎಲ್ಲ ಕಡೆಗೂ ಬೇಗ ಬಂದುಬಿಡುತ್ತಾರೆ. ಹೆಗಲಿಗೆ ಬಟ್ಟೆಯ ಚೀಲ, ಕೈಯಲ್ಲಿ ತಗಡಿನ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಕಂದು ಕಾಗದ ಸುತ್ತಿದ ಗಾಜಿನ ಸೀಸೆಗಳು, ಒಂದು ಸ್ಪಿರಿಟ್ ಬಾಟ್ಲಿ, ಹತ್ತಿ, ಬೆಂಕಿಪೊಟ್ಟಣ, ನಾಲ್ಕಾರು ಗಾಜಿನ ನಳಿಕೆ. ಎಂಬತ್ತಮೂರನೇ ಇಸವಿ, ಶಿವರಾತ್ರಿ ಕಳೆದು ಹತ್ತು ಹನ್ನೆರಡು ದಿನವಾಗಿತ್ತು. ಚಳಿ ಬಿಟ್ಟು ಬಿಸಿಲು ಶುರುವಾಗಿತ್ತು.

ನಾನು ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿ ಆಗ ನಾಲ್ಕು ವರ್ಷ. ಊರಿಗೆ ಕೊಳಾಯಿಯಲ್ಲಿ ನೀರು ಬಿಡುವವರು ಅದಕ್ಕೆ ದಿನವೂ ಬ್ಲೀಚಿಂಗ್ ಪುಡಿ ಹಾಕಬೇಕು, ಕೊನೆಯ ಕೊಳಾಯಿಯಲ್ಲೂ ಅದರ ಅಂಶ ಉಳಿದಿರಬೇಕು ಎಂಬುದು ನಿಯಮ. ನಿಯಮ ನಡೆಯುತ್ತಿದೆಯೋ ಇಲ್ಲವೋ ನೋಡಿ ಬರೆಯುವುದು ನಮ್ಮ ಕೆಲಸ. ಊರೂರು ಸುತ್ತುವುದು ಗಂಡಸರ ಪಾಲಿಗಿತ್ತು. ಆ ಸಲ ಸುತ್ತಬೇಕಾದವರಿಗೆ ಕಾಮಾಲೆ ಹಿಡಿಯಿತು. ನೀರು ನೋಡುವವರಿಗೇ ಕಾಮಾಲೆ ಎಂದು ಲ್ಯಾಬಿನಲ್ಲಿ ಒಂದು ವಾರ ನಗೆಯೋ ನಗೆ. ಆಮೇಲೆ ಸಾಹೇಬರು ನನ್ನ ಕಡೆ ನೋಡಿ, "ನಿಮಗೇನಮ್ಮ, ಮನೇಲಿ ಕಾಯೋರು ಯಾರೂ ಇಲ್ವಲ್ಲ, ಮೂರು ದಿನ ಹೋಗಿಬನ್ನಿ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನನಗೆ ಮೂವತ್ತಾರು ವರ್ಷ, ಅಮ್ಮ ಹೋಗಿ ಎರಡು ವರ್ಷ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಆದರೂ ಆ ಮಾತು ಎದೆಯಲ್ಲಿ ಕೂತುಬಿಟ್ಟಿತು.

ಗುಬ್ಬಿಗೆ ಹನ್ನೆರಡು ಮೈಲಿ, ಟಿಕೆಟ್ಟು ಒಂದು ರೂಪಾಯಿ ಎಂಬತ್ತು ಪೈಸೆ. ಕಂಡಕ್ಟರು ಪೆಟ್ಟಿಗೆಗೂ ಲಗೇಜ್ ಟಿಕೆಟ್ ಹರಿಯಲು ಹೊರಟ. "ಸರ್ಕಾರಿ ಪೆಟ್ಟಿಗೆ ಕಣಪ್ಪ" ಎಂದೆ. "ಏನೈತೆ ಒಳಗೆ?" ಎಂದ. "ಖಾಲಿ ಬಾಟ್ಲಿ" ಎಂದರೆ ಬಸ್ಸಿನ ಅರ್ಧ ಜನ ತಿರುಗಿ ನನ್ನನ್ನೇ ನೋಡಿದರು. ಪಕ್ಕದಲ್ಲಿ ಕೂತ ಹೆಂಗಸು ಸ್ವಲ್ಪ ಸರಿದು ಕೂತು, "ಯಜಮಾನ್ರು ಏನ್ ಮಾಡ್ತಾರೆ?" ಎಂದು ಕೇಳಿದಳು. ಇಲ್ಲ ಎಂದೆ. "ಅಯ್ಯೋ, ಯಾವಾಗ ಹೋದ್ರು?" ಎಂದಳು. ಬಂದೇ ಇರಲಿಲ್ಲ ಎಂದು ವಿವರಿಸುವಷ್ಟರಲ್ಲಿ ಅವಳ ಊರು ಬಂತು.

ಗುಬ್ಬಿಯಲ್ಲಿ ಅಂದು ಸಂತೆ. ಕೊಬ್ಬರಿ ತುಂಬಿದ ಎತ್ತಿನ ಗಾಡಿಗಳ ನಡುವೆ ದಾರಿ ಮಾಡಿಕೊಂಡು ಪೇಟೆ ಬೀದಿಯ ಕೊಳಾಯಿಗೆ ಹೋದೆ. ನಮ್ಮ ಕೆಲಸದ ಕ್ರಮ ನೋಡುವವರಿಗೆ ವಿಚಿತ್ರವೇ. ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಹೊತ್ತಿಸಿ, ಕೊಳಾಯಿಯ ಮೂತಿಯನ್ನು ಸುಡಬೇಕು. ಅದರ ಮೇಲಿನ ಕೊಳೆ ಸೀಸೆಗೆ ಬರಬಾರದಲ್ಲ. ಇದನ್ನು ಕಂಡು ಬಿಂದಿಗೆ ಹಿಡಿದು ನಿಂತಿದ್ದ ಅಜ್ಜಿಯೊಬ್ಬಳು, "ನೋಡ್ರೇ, ಕೊಳಾಯಿಗೆ ಮಂಗಳಾರತಿ ಮಾಡ್ತಾವ್ಳೆ" ಎಂದಳು. ಸಾಲಿನಲ್ಲಿದ್ದವರೆಲ್ಲ ಘೊಳ್ಳೆಂದರು, ನಾನೂ ನಕ್ಕೆ. ಆದರೆ ಸೀಸೆಯ ಮುಚ್ಚಳ ತೆಗೆದು ನೇರವಾಗಿ ನೀರು ಹಿಡಿದಾಗ ಅಜ್ಜಿಗೆ ತಡೆಯಲಾಗಲಿಲ್ಲ. "ಓದ್ದೋಳು ಅಂತೀಯ, ಬಾಟ್ಲಿ ಒಂದಪ ತೊಳ್ಕಬಾರ್ದಾ? ಕೊಡು ಇತ್ಲಾಗೆ" ಎಂದು ಕೈ ಚಾಚಿದಳು. ಲ್ಯಾಬಿನಲ್ಲಿ ಗಂಟೆಗಟ್ಟಲೆ ಬೇಯಿಸಿ ತಂದ ಸೀಸೆ ಅದು, ತೊಳೆದರೇ ಕೆಡುತ್ತದೆ ಎಂದು ಅವಳಿಗೆ ಅರ್ಥವಾಗುವಂತೆ ಹೇಳಲು ನನ್ನಿಂದಾಗಲಿಲ್ಲ.

ಇನ್ನೊಂದು ಪರೀಕ್ಷೆ ಅಲ್ಲೇ ಮುಗಿಯುತ್ತದೆ. ನಳಿಕೆಯಲ್ಲಿ ನೀರು ಹಿಡಿದು ಒಂದು ದ್ರಾವಣದ ಮೂರು ನಾಲ್ಕು ಹನಿ ಬಿಟ್ಟರೆ, ಪುಡಿಯ ಅಂಶ ಇದ್ದ ನೀರು ಕೂಡಲೇ ಹಳದಿ ತಿರುಗುತ್ತದೆ. ಗುಬ್ಬಿಯ ನೀರು ನೋಡಿದ ಕಡೆಯಲ್ಲೆಲ್ಲ ಚೆನ್ನಾಗಿ ಹಳದಿ ತಿರುಗಿತು. ಐಸ್ ಕ್ಯಾಂಡಿ ಮಾಡುವವನಲ್ಲಿ ಒಂದು ಸೇರಿನಷ್ಟು ಐಸ್ ಒಡೆಸಿ ಪೆಟ್ಟಿಗೆಗೆ ತುಂಬಿ, ಮಧ್ಯಾಹ್ನದ ರೈಲಿಗೆ ತುಮಕೂರಿಗೆ ಬಂದು ಸೀಸೆಗಳನ್ನು ಒಪ್ಪಿಸಿದೆ. ಮನೆಗೆ ಹೋಗಿ ಅರ್ಧ ಪಾವು ಅಕ್ಕಿ ಬೇಯಿಸಿಕೊಂಡೆ. ಅಜ್ಜಿಯ ಮಂಗಳಾರತಿಯ ಮಾತು ಯಾರಿಗಾದರೂ ಹೇಳಬೇಕೆನಿಸಿತು. ಹೇಳಲು ಗೋಡೆಯ ಮೇಲಿನ ಕ್ಯಾಲೆಂಡರ್ ಬಿಟ್ಟರೆ ಯಾರೂ ಇರಲಿಲ್ಲ.

ಮರುದಿನ ಹೆಬ್ಬೂರಿನ ಮೇಲೆ ಕುಣಿಗಲ್ಲಿಗೆ ಹೊರಟೆ. ಮೂರೂವರೆ ರೂಪಾಯಿ, ಎರಡು ಗಂಟೆ ದಾರಿ. ಇಪ್ಪತ್ತೆರಡು ಮೈಲಿಗೆ ಎರಡು ಗಂಟೆ ಯಾಕೆಂದರೆ ನಡುವೆ ಡ್ರೈವರಿಗೆ ಪರಿಚಯದವರು ಬಹಳ. ಕುಣಿಗಲ್ ಕೆರೆ ಏರಿಯ ಮೇಲೆ ಬಂದಾಗ ಗಾಳಿ ತಣ್ಣಗೆ ಬೀಸಿತು. ಅಷ್ಟಗಲದ ನೀರು ನೋಡಿದರೆ ನನಗೆ ಮೊದಲು ನೆನಪಾಗುವುದು ಸೀಸೆ, ಆಮೇಲೆ ಅದರ ಅಂದ. ಕೆಲಸದಿಂದ ಬಂದ ಗ್ರಹಚಾರ ಅದು.

ಹೋಟೆಲಿನಲ್ಲಿ ಊಟಕ್ಕೆ ಹೋದರೆ ಮಾಣಿ, "ಮೇಡಮ್ಮೋರೆ, ಲೇಡೀಸು ಒಳಗೆ" ಎಂದು ಕೈ ತೋರಿಸಿದ. ಹಲಗೆ ಹೊಡೆದು ಮರೆ ಮಾಡಿದ ಕೋಣೆ, ಬಾಗಿಲಿಗೆ ಹೂವಿನ ಪರದೆ, ಮೇಲೆ 'ಫ್ಯಾಮಿಲಿ ರೂಮ್' ಎಂದು ಬೋರ್ಡು. ಒಳಗೆ ಒಂದು ಮೇಜು, ಆರು ಕುರ್ಚಿ, ನಾನೊಬ್ಬಳು. ಹೊರಗಿನಿಂದ ಗಂಡಸರ ಮಾತು, ನಗು ಎಲ್ಲ ಕೇಳಿಸುತ್ತಿತ್ತು. ಎರಡನೇ ಸಲ ಸಾರು ಕೇಳಲು ಪರದೆ ಸರಿಸಿ ತಲೆ ಹೊರಹಾಕಬೇಕಾಗಿತ್ತು. ಸಾರು ಬೇಡವೆಂದು ಮಜ್ಜಿಗೆಯಲ್ಲೇ ಮುಗಿಸಿ ಎದ್ದೆ. ಊರಿನ ಕೊಳಾಯಿಗಳನ್ನು ನೋಡಿ ಮುಗಿಸಿದಾಗ ಸಂಜೆ. ಎಲ್ಲ ಸರಿಯಾಗಿತ್ತು. ಟ್ರಾವೆಲರ್ಸ್ ಬಂಗಲೆ ನೋಡಿಕೊಳ್ಳುವ ಮೇಟಿ ಬೀಗ ತೆಗೆಯುತ್ತ, "ಎಷ್ಟು ಜನ?" ಎಂದು ಕೇಳಿದ. ಒಬ್ಬಳೇ ಎಂದೆ. ಅವನು ಹಿಂದೆ ಯಾರಾದರೂ ಬರುತ್ತಾರೇನೋ ಎಂದು ಗೇಟಿನ ತನಕ ಹೋಗಿ ನೋಡಿ ಬಂದ.

ಮೂರನೆಯ ದಿನದ ಊರಿನ ಹೆಸರು ಬರೆಯುವುದಿಲ್ಲ. ಕುಣಿಗಲ್ಲಿಂದ ಏಳೆಂಟು ಮೈಲಿ ಎಂದರೆ ಸಾಕು. ಒಂದು ತಿಂಗಳಲ್ಲಿ ಆ ಊರಿನ ನಾಲ್ಕು ಜನ ವಾಂತಿಭೇದಿ ಎಂದು ಆಸ್ಪತ್ರೆ ಸೇರಿದ್ದಾರೆ, ನೀರು ನೋಡಿ ಎಂದು ಲ್ಯಾಬಿಗೆ ಕಾಗದ ಬಂದಿತ್ತು. ಒಂಬತ್ತು ಗಂಟೆಯ ಪ್ರೈವೇಟ್ ಬಸ್ಸು ಕ್ರಾಸಿನಲ್ಲಿ ಇಳಿಸಿತು. ಐಸ್ ತುಂಬಿದ ಪೆಟ್ಟಿಗೆ ಹೊತ್ತು ಒಂದು ಮೈಲಿ ನಡೆದೆ. ಊರ ಮುಂದೆ ನೀರಿನ ಟ್ಯಾಂಕು, ಅದರ ಕೆಳಗೆ ಪಂಪಿನ ಮನೆ, ಎದುರಿಗೆ ಕೊಳಾಯಿ. ಪಂಚಾಯ್ತಿ ಛೇರ್ಮನ್ನರಾದ ಮರಿಯಪ್ಪ ಎನ್ನುವವರು ಕಾದಿದ್ದರು. ಅವರ ಪಕ್ಕದಲ್ಲಿ ಖಾಕಿ ಚಡ್ಡಿಯ, ನರೆತ ಕೂದಲಿನ ಒಬ್ಬ ಕೈಕಟ್ಟಿ ನಿಂತಿದ್ದ. ಅವನೇ ನಿಂಗಯ್ಯ, ಊರಿಗೆ ನೀರು ಬಿಡುವ ವಾಟರ್‌ಮ್ಯಾನ್. ಒಂಬತ್ತು ವರ್ಷದಿಂದ ದಿನಗೂಲಿ, ಕಾಯಂ ಮಾಡಬೇಕೆಂದು ಅರ್ಜಿ ಹಾಕಿ ಕಾಯುತ್ತಿದ್ದ. ಪುಡಿ ಹಾಕಿದ ಲೆಕ್ಕ ಎಲ್ಲಿ ಎಂದು ಕೇಳಿದೆ. ಪಂಪಿನ ಮನೆಯ ಗೋಡೆ ತೋರಿಸಿದ. ಇದ್ದಿಲಿನಲ್ಲಿ ದಿನಕ್ಕೊಂದು ಗೀಟು, ನೆಲದಿಂದ ತಲೆಯ ಎತ್ತರದ ತನಕ. ಒಂದು ದಿನವೂ ತಪ್ಪಿರಲಿಲ್ಲ.

ನಳಿಕೆಯಲ್ಲಿ ನೀರು ಹಿಡಿದು ಹನಿ ಬಿಟ್ಟೆ. ನೀರು ಇದ್ದ ಹಾಗೇ ಇತ್ತು. ಊರ ಇನ್ನೊಂದು ತುದಿಯ ಕೊಳಾಯಿಗೆ ಹೋಗಿ ನೋಡಿದೆ, ಟ್ಯಾಂಕಿನಿಂದಲೇ ನೀರು ತರಿಸಿ ನೋಡಿದೆ. ಎಲ್ಲೂ ಹಳದಿಯ ಸುಳಿವಿಲ್ಲ. ಅಷ್ಟರಲ್ಲಿ ಇಪ್ಪತ್ತು ಮೂವತ್ತು ಜನ ಸೇರಿದ್ದರು. ಗೋಡೆಯ ಮೇಲೆ ಅಷ್ಟು ಗೀಟು, ನೀರಿನಲ್ಲಿ ಏನೂ ಇಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಸ್ವಲ್ಪ ತಾಳಬಹುದಿತ್ತು, ತಾಳಲಿಲ್ಲ. ಎಲ್ಲರ ಎದುರಿಗೇ, "ಇವರು ಪೌಡರ್ ಹಾಕೇ ಇಲ್ಲ" ಎಂದುಬಿಟ್ಟೆ.

"ನಾನ್ ಯೋಳ್ನಿಲ್ವಾ?" ಎಂದರು ಮರಿಯಪ್ಪ, ಜನರ ಕಡೆ ತಿರುಗಿ. "ಮಾರ್ಕತಾವ್ನೆ ಇವ್ನು. ನೀವು ಒಂದು ಬರ್ದು ಕೊಡಿ ಮೇಡಮ್ಮು, ಕಾಯಂ ಮಾತು ಅಂಗಿರ್ಲಿ, ನಾಳಿಂದ್ಲೇ ಬ್ಯಾಡ ಅಂತೀವಿ."

"ಹಾಕಿವ್ನಿ ತಾಯಿ" ಎಂದ ನಿಂಗಯ್ಯ. "ಬೆಳಿಗ್ಗೆ ಐದ್ ಗಂಟ್ಗೇ ಬಕೀಟಲ್ಲಿ ಕಲಸಿ ಹಾಕಿವ್ನಿ. ದಿನಾ ಹಾಕ್ತೀನಿ." ಗುಂಪಿನಲ್ಲಿ ಒಬ್ಬ ಹೆಂಗಸಿದ್ದಳು, ಅವಳ ಮಗ ಅಂದೂ ಆಸ್ಪತ್ರೆಯಲ್ಲಿದ್ದ. ಅವಳು ಆಗತಾನೆ ತುಂಬಿದ್ದ ಬಿಂದಿಗೆಯನ್ನು ನಿಂಗಯ್ಯನ ಕಾಲ ಮೇಲೆ ಬಗ್ಗಿಸಿ, "ನಿನ್ ಮನೆ ಹಾಳಾಗ" ಎಂದು ಶಾಪ ಹಾಕಿ ಹೋದಳು. ಅವನು ಒದ್ದೆ ಕಾಲಿನಲ್ಲಿ ಹಾಗೇ ನಿಂತಿದ್ದ. ಬರೆದು ಕೊಡುತ್ತೇನೆ ಎಂದು ನಾನು ಮರಿಯಪ್ಪನವರಿಗೆ ಹೇಳಿದೆ.

ತಿರುಗಿ ಹೋಗುವ ಬಸ್ಸು ಮೂರೂವರೆಗೆ. ಹನ್ನೊಂದೂವರೆಗೇ ಊರು ಖಾಲಿಯಾಯಿತು, ಮರಿಯಪ್ಪನವರೂ ಕೆಲಸವಿದೆಯೆಂದು ಹೊರಟರು. ಪಂಪಿನ ಮನೆಯ ಜಗಲಿಯಲ್ಲಿ ಪೆಟ್ಟಿಗೆ ಪಕ್ಕದಲ್ಲಿಟ್ಟುಕೊಂಡು ಕೂತೆ. ಬೆಂಕಿಯಂಥ ಬಿಸಿಲು. ಸ್ವಲ್ಪ ಹೊತ್ತಿಗೆ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಬಂದು, "ಬಿಸ್ಲಲ್ಲಿ ಯಾಕವ್ವ ಕುಂತಿದ್ದೀಯ? ಬಾ, ಒಂದು ತುತ್ತು ಉಣ್ಣುವಂತೆ" ಎಂದಳು. ಯಾರ ಮನೆ ಎಂದೆ. "ನೀರು ಬುಡ್ತಾನಲ್ಲ, ಅವ್ನ ಹೆಂಡ್ತಿ ನಾನು, ಕೆಂಪಮ್ಮ." ನನಗೆ ಮುಖ ಎತ್ತಲಾಗಲಿಲ್ಲ. ಹಸಿವಿಲ್ಲ ಎಂದೆ. "ಅದೆಂಗೆ ಹಸೀದೆ ಇರ್ತದೆ? ಎದ್ದೇಳು" ಎಂದು ಪೆಟ್ಟಿಗೆಯನ್ನು ತಾನೇ ಎತ್ತಿಕೊಂಡು ಹೊರಟಳು. ಆ ಮೂರು ದಿನದಲ್ಲಿ ನನ್ನನ್ನು ಊಟಕ್ಕೆ ಕರೆದದ್ದು ಆ ಒಂದೇ ಮನೆ.

ಮುದ್ದೆ, ಉಪ್ಪುಸಾರು, ಈರುಳ್ಳಿ. ನಿಂಗಯ್ಯ ಬಾಗಿಲ ಹೊರಗೆ ಬೀಡಿ ಸೇದುತ್ತ ಕೂತಿದ್ದ. ನಾನು ಕೂತ ಕಡೆ ತೊಲೆಯಿಂದ ಎರಡು ಹಗ್ಗ ಇಳಿಬಿದ್ದಿದ್ದವು, ತೊಟ್ಟಿಲು ಇರಲಿಲ್ಲ. ನಾನು ನೋಡಿದ್ದನ್ನು ಕೆಂಪಮ್ಮ ನೋಡಿದಳು. "ಮೊಮ್ಮಗೀದು" ಎಂದಳು. "ಮಗಳು ಬಾಣ್ತನಕ್ಕೆ ಬಂದೋಳು ಇಲ್ಲೇ ಇದ್ಲು. ಸಂಕ್ರಾಂತಿ ಆದ್ಮ್ಯಾಕೆ ಮಗೀಗೆ ವಾಂತಿ ಬೇದಿ ಹತ್ಕತು. ಮೂರೇ ದಿನ. ಏಳ್ ತಿಂಗ್ಳ ಕೂಸು." ಆಮೇಲೆ ಇನ್ನೊಂದು ಮುದ್ದೆ ತಂದು ತಟ್ಟೆಗೆ ಇಟ್ಟಳು. ಬೇಡವೆನ್ನಲು ಧೈರ್ಯ ಬರಲಿಲ್ಲ.

ಕೈತೊಳೆಯಲು ಹಿತ್ತಿಲಿಗೆ ಹೋದೆ. ಅಲ್ಲಿ ರಾಗಿ ಒಣಗಲು ಹಾಕಿತ್ತು. ಅದರ ಪಕ್ಕದಲ್ಲಿ ಈಚಲು ಚಾಪೆಯ ಮೇಲೆ ತೆಳ್ಳಗೆ ಹರಡಿದ ಬಿಳಿ ಪುಡಿ, ಗಾಳಿಗೆ ಚಾಪೆ ಏಳದಂತೆ ನಾಲ್ಕು ಮೂಲೆಗೂ ಕಲ್ಲು. "ಏನು, ಅಕ್ಕಿ ಹಿಟ್ಟಾ?" ಎಂದೆ.

ಕೆಂಪಮ್ಮ ನಕ್ಕಳು. "ಹಿಟ್ಟಲ್ಲ ಕಣವ್ವ, ನಮ್ಮೋರ ಪೌಡ್ರು. ಹೋದ್ ಮಳೇಲಿ ಚೀಲವೆಲ್ಲ ತ್ಯಾವ ಹಿಡ್ದು ಗಂಟುಗಂಟು ಆಗೋಗಿತ್ತು. ಅವತ್ತಿಂದ ಒಂದೊಂದು ಚೀಲನೂ ನಾನೇ ಬಿಸ್ಲಿಗಾಕಿ, ಜರಡಿ ಹಿಡ್ದು, ಡಬ್ಬಕ್ಕೆ ತುಂಬಿಕೊಡ್ತೀನಿ. ಈಗ ಸಲೀಸಾಗಿ ಕರಗ್ತದೆ. ಮುಂಚೆ ನೀರು ನಾತ ಹೊಡೀತದೆ ಅಂತ ಎಲ್ರೂ ಬಯ್ಯೋರು, ಈಗ ಆ ನಾತನೂ ಇಲ್ಲ ಬುಡು."

ಬ್ಲೀಚಿಂಗ್ ಪುಡಿಯ ಶಕ್ತಿಯೆಲ್ಲ ಇರುವುದು ಆ ನಾತದಲ್ಲಿ. ಬಿಸಿಲಿಗೆ ಹರವಿದರೆ ಅದು ಹಾರಿಹೋಗಿ ಬರೀ ಸುಣ್ಣ ಉಳಿಯುತ್ತದೆ. ನಮ್ಮ ಕಡೆ ಕೆಡುವ ಯಾವ ವಸ್ತುವನ್ನಾದರೂ ಬಿಸಿಲಿಗೆ ಹಾಕಿಯೇ ಉಳಿಸಿಕೊಳ್ಳುವುದು. ಮೆಣಸಿನಕಾಯಿ, ಹುಣಸೆಹಣ್ಣು, ಬೇಳೆ, ಹಪ್ಪಳ. ನನ್ನ ಅಮ್ಮನಾಗಿದ್ದರೂ ಅದನ್ನೇ ಮಾಡುತ್ತಿದ್ದಳು. ಚೀಲದ ಜೊತೆ ಒಂದು ಮಾತು ಹೇಳಿ ಕಳಿಸಬೇಕೆಂದು ನಮ್ಮಲ್ಲಿ ಯಾರಿಗೂ ತೋಚಿರಲಿಲ್ಲ. ನನಗೂ ತೋಚಿರಲಿಲ್ಲ.

ಕೆಂಪಮ್ಮನಿಗೆ ಏನೂ ಹೇಳದೆ ಹೊರಬಂದೆ. ನಿಂಗಯ್ಯ ನನ್ನ ಮುಖ ನೋಡಿ ಎದ್ದು ಹಿಂದೆಯೇ ಬಂದ. ಪಂಪಿನ ಮನೆಯ ಹತ್ತಿರ ಎಲ್ಲವನ್ನೂ ಹೇಳಿದೆ. ಅವನು ತಿರುಗಿ ಗೋಡೆಯ ಗೀಟುಗಳನ್ನು ನೋಡಿದ.

"ಅಂಗಾರೆ ನಮ್ ಮಗೀಗೆ..." ಎಂದು ನಿಲ್ಲಿಸಿದ.

"ತಾಯಿ, ಅವ್ಳಿಗೆ ಯೋಳ್ಬ್ಯಾಡಿ" ಎಂದ. "ನಾನು ಪೌಡ್ರು ಹಾಕ್ಲಿಲ್ಲ ಅಂತ್ಲೇ ಬರ್ಕಳಿ. ಮಾರ್ಕಂಡೆ ಅಂತ್ಲಾದ್ರೂ ಬರ್ಕಳಿ. ಕೆಲ್ಸ ಹೋದ್ರೆ ಹೋಗ್ಲಿ, ಕೂಲಿ ನಾಲಿ ಮಾಡ್ಕತೀನಿ. ತನ್ ಕೈಯಾರೆ ಹಿಂಗಾಯ್ತು ಅಂತ ಗೊತ್ತಾದ್ರೆ ಅವ್ಳು ಬದ್ಕಾಕಿಲ್ಲ."

ನನಗೆ ಅಳು ಬಂತು. ಅವನೆದುರು ಅಳಬಾರದೆಂದು ಪೆಟ್ಟಿಗೆ ತೆಗೆದು ನಳಿಕೆ ಒರೆಸುತ್ತ ನಿಂತೆ. ಕಳ್ಳ ಎಂದು ಊರೆದುರು ಅನ್ನಿಸಿದವಳು ನಾನು. ಅದನ್ನು ಊರೆದುರೇ ಸರಿಮಾಡಬೇಕಾಗಿತ್ತು. ಪಂಚಾಯ್ತಿ ಕೋಣೆಯಲ್ಲಿ ಬಾಯಿ ಬಿಚ್ಚದ ಒಂದು ಹೊಸ ಚೀಲವಿತ್ತು. ಮರಿಯಪ್ಪನವರನ್ನು ಕರೆಸಿದೆ, ಜನ ಮತ್ತೆ ಸೇರಿದರು. ನಿಂಗಯ್ಯನ ಡಬ್ಬದ ಪುಡಿಯನ್ನು ಒಂದು ಲೋಟ ನೀರಿಗೆ ಕಲಸಿ ಹನಿ ಬಿಟ್ಟೆ. ಏನೂ ಆಗಲಿಲ್ಲ. ಹೊಸ ಚೀಲದ ಪುಡಿ ಕಲಸಿ ಬಿಟ್ಟೆ. ಲೋಟದ ನೀರು ಕಡು ಹಳದಿಗೆ ತಿರುಗಿತು.

"ಇವರು ದಿನಾ ತಪ್ಪದೆ ಹಾಕಿದ್ದಾರೆ. ಆ ಪುಡಿಗೆ ಸತ್ವ ಇರಲಿಲ್ಲ, ಅಷ್ಟೆ. ಬೆಳಗ್ಗೆ ನಾನು ಅಂದದ್ದು ತಪ್ಪು" ಎಂದು ಗಟ್ಟಿಯಾಗಿ ಹೇಳಿದೆ. ವಾರದ ತನಕ ನೀರು ಕುದಿಸಿ ಕುಡಿಯಿರಿ ಎಂದೂ ಹೇಳಿದೆ. ಸತ್ವ ಹೇಗೆ ಹೋಯಿತು ಎಂದು ಯಾರೂ ಕೇಳಲಿಲ್ಲ. ಮರಿಯಪ್ಪನವರು, "ಹಳೇ ಮಾಲು ಕೊಟ್ಟವ್ರೆ ನನ್ ಮಕ್ಳು" ಎಂದು ಯಾರನ್ನೋ ಬೈದರು. ಹೊಸ ಚೀಲವನ್ನು ನಿಂಗಯ್ಯ ಪಂಪಿನ ಮನೆಯೊಳಗೇ ಇಟ್ಟು ಬೀಗ ಹಾಕಿ, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ಹೆಂಗಸರ ಸಾಲಿನ ಹಿಂದೆ ಕೆಂಪಮ್ಮ ನಿಂತಿದ್ದಳು.

ಕ್ರಾಸಿಗೆ ಬಂದು ಹತ್ತು ನಿಮಿಷ ಆಗಿರಬೇಕು, ಹೊಲದ ಬದುವಿನ ಮೇಲೆ ಕೆಂಪಮ್ಮ ಏದುಸಿರು ಬಿಡುತ್ತ ಬಂದಳು. ಬಂದವಳೇ ನನ್ನ ಕೈ ಹಿಡಿದುಕೊಂಡಳು. ಆ ಕೈಯಲ್ಲಿ ಇನ್ನೂ ಬಿಳಿ ಪುಡಿ ಅಂಟಿತ್ತು.

"ಆ ಡಬ್ಬ ನನ್ದು ಕಣವ್ವ" ಎಂದಳು. "ಹೊಸಾ ಚೀಲದ ಪೌಡ್ರು ಹಳದಿ ಆಯ್ತು, ನಾನು ಒಣಗಾಕಿದ್ದು ಆಗ್ನಿಲ್ಲ. ನಂಗೆ ಅಷ್ಟೂ ಗೊತ್ತಾಗಾಕಿಲ್ವಾ?"

ನಾನು ಏನೋ ಸಮಾಧಾನ ಹೇಳಲು ಹೋದೆ. ಅವಳು ತಲೆ ಆಡಿಸಿ ತಡೆದಳು. "ನನ್ ತಂಗಿ ಊರಲ್ಲೂ ಹಿಂಗೇ ಒಣಗಾಕ್ತಾರೆ. ನಾನೇ ಯೋಳ್ಕೊಟ್ಟಿದ್ದು. ನೀನು ಬರಿ, ಎಲ್ಲಾ ಊರಿಗೂ ಬರಿ. ನನ್ ಹೆಸ್ರಾಕಿ ಬೇಕಾದ್ರೂ ಬರಿ. ಇನ್ನೊಬ್ರ ಮನೆ ತೊಟ್ಲು ಬರಿದಾಗ್ಬಾರ್ದು." ಸೆರಗಿನಿಂದ ಮುಖ ಒರೆಸಿಕೊಂಡಳು. "ಆದ್ರೆ ನಂಗೆ ಗೊತ್ತಾಯ್ತು ಅಂತ ಅವ್ನಿಗೆ ತಿಳೀಬಾರ್ದು. ನನ್ ಮುಂದೆ ಗೊತ್ತಿಲ್ದಂಗೆ ಇರೋಕೆ ಎಷ್ಟು ಕಷ್ಟ ಪಡ್ತಾವ್ನೆ, ಪಾಪ."

ಬಸ್ಸು ಬಂತು. ಕಿಟಕಿಯಿಂದ ನೋಡಿದರೆ ಆಗಲೇ ಬದುವಿನ ಮೇಲೆ ವಾಪಸು ಹೊರಟಿದ್ದಳು, ಬೇಗ ಬೇಗ. ತಡವಾದರೆ ಗಂಡ ಎಲ್ಲಿಗೆ ಹೋಗಿದ್ದೆ ಎಂದು ಕೇಳುತ್ತಾನಲ್ಲ. ಹೆಬ್ಬೂರಿನ ತನಕ ಅಳುತ್ತಲೇ ಇದ್ದೆ, ಪಕ್ಕದ ಸೀಟಿನವನು ಪಾಪ ನಿದ್ದೆ ಬಂದವನಂತೆ ಕಣ್ಣು ಮುಚ್ಚಿಕೊಂಡ. ಅವರಿಬ್ಬರ ದುಃಖದ ನಡುವೆ ನನಗೆ ಅಸೂಯೆಯೂ ಆಯಿತೆಂದು ನಾಚಿಕೆಯಿಂದ ಬರೆಯುತ್ತಿದ್ದೇನೆ. ನನ್ನ ಮನಸ್ಸು ನೋಯಬಾರದೆಂದು ನನ್ನಿಂದ ಏನನ್ನಾದರೂ ಮುಚ್ಚಿಡುವವರು ಆಗ ಈ ಲೋಕದಲ್ಲಿ ಒಬ್ಬರೂ ಇರಲಿಲ್ಲ.

ತುಮಕೂರು ತಲುಪಿದಾಗ ಆರು ಗಂಟೆ. ಲ್ಯಾಬಿನಲ್ಲಿ ಕಾವಲಿನವನು ಬಿಟ್ಟರೆ ಎಲ್ಲ ಹೋಗಿದ್ದರು. ಸೀಸೆಗಳನ್ನು ಫ್ರಿಜ್ಜಿಗೆ ಸೇರಿಸಿ ವರದಿ ಬರೆಯಲು ಕೂತೆ. ಅಚ್ಚಾದ ಫಾರಮ್ಮಿನ ಮೂರು ಹಾಳೆ, ನಡುವೆ ಎರಡು ಕಾರ್ಬನ್ ಕಾಗದ. ಮೊದಲನೆಯದು ಮೇಲಿನವರಿಗೆ, ಊರೂರಿಗೂ ಸುತ್ತೋಲೆ ಹೋಗುವುದು ಅದರಿಂದ, ಸುತ್ತೋಲೆಯಲ್ಲಿ ಯಾರ ಹೆಸರೂ ಇರುವುದಿಲ್ಲ. ಎರಡನೆಯದು ನಮ್ಮ ಫೈಲಿಗೆ. ಕೆಳಗಿನ ಪ್ರತಿ ಆ ಊರಿನ ಪಂಚಾಯ್ತಿಗೆ. ಅಲ್ಲಿ ಯಾರೋ ಅದನ್ನು ಜೋರಾಗಿ ಓದುತ್ತಾರೆ, ನಿಂಗಯ್ಯ ಬಾಗಿಲಲ್ಲಿ ನಿಂತು ಕೇಳುತ್ತಾನೆ.

ವಾಟರ್‌ಮ್ಯಾನ್ ದಿನವೂ ತಪ್ಪದೆ ಪುಡಿ ಹಾಕಿದ್ದಾರೆ, ಅವರಿಂದ ಲೋಪವಾಗಿಲ್ಲ, ಪುಡಿಯ ಸತ್ವ ಹೋಗಿತ್ತು ಎಂದು ಬರೆದೆ. ಮುಂದೆ 'ಕಾರಣ' ಎಂದಿತ್ತು. ಪೆನ್ನು ಎತ್ತಿ, ಕೆಳಗಿನ ಕಾರ್ಬನ್ನನ್ನು ಮೆಲ್ಲಗೆ ಎಳೆದು ಪಕ್ಕಕ್ಕಿಟ್ಟೆ. ಆಮೇಲೆ ಚಾಪೆ, ಬಿಸಿಲು, ಜರಡಿ, ಕೆಂಪಮ್ಮ ಹೇಳಿದ್ದು, ಅವಳ ತಂಗಿಯ ಊರು, ಎಲ್ಲವನ್ನೂ ಒಂದೂ ಬಿಡದೆ ಬರೆದೆ. ಬರೆದಾದ ಮೇಲೆ ಕಾರ್ಬನ್ನನ್ನು ಮತ್ತೆ ಒಳಗಿಟ್ಟು, ಪುಡಿಯನ್ನು ಮುಚ್ಚಿದ ಡಬ್ಬದಲ್ಲಿ ನೆರಳಿನಲ್ಲಿಡತಕ್ಕದ್ದು ಎಂದು ಮುಗಿಸಿ ಸಹಿ ಹಾಕಿದೆ. ಪಂಚಾಯ್ತಿಯ ಪ್ರತಿಯಲ್ಲಿ 'ಕಾರಣ' ಎಂಬುದರ ಮುಂದೆ ಆರು ಸಾಲು ಖಾಲಿ ಇತ್ತು. ಅದನ್ನು ಹಾಗೇ ಮಡಿಸಿ ಲಕೋಟೆಗೆ ಹಾಕಿ ಅಂಟಿಸಿದೆ.